ಬೆಗಾಯಿಮ್ ತನ್ನ ಹೆಸರು ಹೇಳಿದ ದಿನ

ಸರಿಬೆಲ್, ನರಿನ್ ಸೀಮೆ
೨೦೧೯, ಏಪ್ರಿಲ್ ಹದಿನೇಳು, ಮಧ್ಯಾಹ್ನ

ನನ್ನ ಪೆರಿಜಾತ್,

ಹೇಗಿದ್ದೀಯ? ಸೊಂಟದ ನೋವು ಈಗ ಎಷ್ಟೋ ಮೇಲೆಂದು ನೀನು ಫೋನಿನಲ್ಲಿ ಅಂದೆ, ಆದರೆ ಹಾಗೆನ್ನುವಾಗ ನಿನ್ನ ದನಿ ಸಣ್ಣದಾಯಿತು. ಮುದುಕರನ್ನು ಹಾಸಿಗೆಯಿಂದ ಎತ್ತಿ ಕೂರಿಸುವಾಗ ಒಬ್ಬಳೇ ಎತ್ತಬೇಡ, ಇನ್ನೊಬ್ಬರನ್ನು ಕರೆದುಕೋ ಎಂದು ಅಮ್ಮ ಹೇಳಿಕಳಿಸಿದ್ದಾಳೆ. ಕಜಾನಿನಲ್ಲಿ ಇನ್ನೂ ಚಳಿ ಬಿಟ್ಟಿಲ್ಲವಂತೆ. ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಗಿದ್ದ ಆ ರಷ್ಯನ್ ಅಜ್ಜಿ, ನೀನು ಕನ್ನಡಿ ಹಿಡಿದು ತುಟಿ ತೋರಿಸಿ ತೋರಿಸಿ ಮತ್ತೆ 'ನೀರು' ಅನ್ನಿಸಿದೆಯಲ್ಲ, ಆಕೆ ಈಗ ಏನೇನು ಮಾತಾಡುತ್ತಾಳೆ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಕಣ್ಣಿನ ಪೊರೆ ಹಾಗೇ ಇದೆ, ಆದರೆ ಯಾರ ಮನೆಯ ಹಸು ಯಾರ ಹುಲ್ಲಿಗೆ ಬಾಯಿ ಹಾಕಿತು ಎನ್ನುವುದು ಮಾತ್ರ ಅವಳಿಗೆ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಪುಟ್ಟಿ ಜಿಬೆಕ್‌ಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಈಗ 'ಸ' ಅನ್ನಲು ಹೋದರೆ ಗಾಳಿ ಬರುತ್ತದೆ. ನೀನು ಇಲ್ಲಿದ್ದಿದ್ದರೆ ಅವಳ ನಾಲಿಗೆಯನ್ನು ಎಲ್ಲಿಡಬೇಕೆಂದು ತೋರಿಸುತ್ತಿದ್ದೆ, ಅಥವಾ ಅವಳ ಜೊತೆ ಕೂತು ನಗುತ್ತಿದ್ದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನ್ ಬಂದ ಕೂಡಲೇ ಜಿಬೆಕ್ ಕಸಿದುಕೊಳ್ಳುತ್ತಾಳೆ, ಅವಳ ನಂತರ ಅಮ್ಮ, ನನ್ನ ಕೈಗೆ ಬರುವಷ್ಟರಲ್ಲಿ ಅಲ್ಲಿ ಯಾರೋ ಗಂಟೆ ಒತ್ತಿ ನಿನ್ನನ್ನು ಕರೆಯುತ್ತಾರೆ. ಪಕ್ಕದ ಮನೆಯ ಬುರ್ಮಾ ನಾಳೆ ಕಜಾನಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಒಣಮೊಸರಿನ ಉಂಡೆ, ಒಂದು ಡಬ್ಬಿ ಬೆಣ್ಣೆ, ಜೊತೆಗೆ ಇದನ್ನೂ ಕಳಿಸುತ್ತಿದ್ದೇನೆ. ಬರೆಯುತ್ತಿರುವುದು ಶಾಲೆಯ ವ್ಯಾನಿನೊಳಗೆ ಕೂತು. ಮಕ್ಕಳನ್ನು ಬೆಳಿಗ್ಗೆ ಬಿಟ್ಟಾಗಿದೆ, ಮತ್ತೆ ಕರೆದೊಯ್ಯುವವರೆಗೆ ಹೊಳೆಯ ಪಕ್ಕದ ಪಾಪ್ಲರ್ ಮರಗಳ ಕೆಳಗೆ ಗಾಡಿ ನಿಲ್ಲಿಸಿಕೊಂಡಿರುತ್ತೇನೆ. ಈ ಹೊತ್ತು ನಿನಗೂ ಗೊತ್ತು. ಹಿಮ ಕರಗಿ ಹೊಳೆಯ ನೀರು ಹಾಲಿನ ಬಣ್ಣಕ್ಕೆ ತಿರುಗಿದೆ. ಮರಗಳಿಗೆ ಇನ್ನೂ ಎಲೆ ಬಂದಿಲ್ಲ, ಆದರೆ ದೂರದಿಂದ ನೋಡಿದರೆ ಕೊಂಬೆಗಳ ಸುತ್ತ ಹಸಿರು ಹೊಗೆಯಂಥದ್ದೇನೋ ಕಾಣುತ್ತದೆ, ಹತ್ತಿರ ಹೋದರೆ ಇಲ್ಲ. ಗಾಜಿನ ಮೇಲೆ ಬಿಸಿಲು ಬಿದ್ದು ಕಣ್ಣು ಮುಚ್ಚಿಕೊಳ್ಳುತ್ತದೆ. ಅರ್ಧ ನಿದ್ದೆಯಲ್ಲಿ ಹಿಂದಿನ ಸೀಟಿನಲ್ಲಿ ಯಾರೋ ನಿಧಾನವಾಗಿ ಒಂದೊಂದೇ ಅಕ್ಷರ ಹೇಳಿಕೊಡುತ್ತಿರುವ ಹಾಗೆ ಕೇಳಿಸುತ್ತದೆ. ಕಣ್ಣು ಬಿಟ್ಟರೆ ಹೊಳೆ.

ಶಾಲೆಯ ಕಥೆಯನ್ನು ನೀನು ತುಂಡು ತುಂಡಾಗಿ ಕೇಳಿದ್ದೀಯ, ಮೊದಲಿಂದ ಹೇಳುತ್ತೇನೆ. ಮಕ್ಕಳ ತಲೆಗಿಷ್ಟು ಎಂದು ಶಾಲೆಗೆ ಹಣ ಕೊಡುವ ನಿಯಮ ಬಂದಾಗ ಮೊದಲು ಹೋದದ್ದು ನಿನ್ನ ಕೆಲಸ. ಇಷ್ಟು ಸಣ್ಣ ಶಾಲೆಗೆ ಮಾತು ತಿದ್ದುವ ಟೀಚರು ಹೆಚ್ಚಾಯಿತು ಅಂದರು. ನೀನು ಹೋದಮೇಲೆ ನರ್ಸನ್ನೂ ತೆಗೆದರು. ಭೌತಶಾಸ್ತ್ರದ ಮೇಷ್ಟ್ರು ನಿವೃತ್ತರಾದರು, ಆ ಜಾಗಕ್ಕೆ ಬರುತ್ತೇನೆಂದ ಇಬ್ಬರು ನಮ್ಮ ರಸ್ತೆ ನೋಡಿ ವಾಪಸು ಹೋದರು. ಈಗ ಹೆಡ್ಮಿಸ್ ಕಲೀಪಾ ಅಕ್ಕನೇ ಭೌತಶಾಸ್ತ್ರ, ಚರಿತ್ರೆ, ಹಾಡು ಮೂರನ್ನೂ ಕಲಿಸುತ್ತಾಳೆ. ಹಾಡಿನ ತರಗತಿಯಲ್ಲಿ ಒಮ್ಮೊಮ್ಮೆ ವಿದ್ಯುತ್ತಿನ ಪಾಠ ಬಂದುಬಿಡುತ್ತದೆ ಎಂದು ಮಕ್ಕಳು ನಗುತ್ತಾರೆ. ಈ ಚಳಿಗಾಲದಲ್ಲಿ ಹೊಸ ಮಾತು ಹುಟ್ಟಿತು. ಸರಿಬೆಲ್ ಶಾಲೆ ನಾಲ್ಕನೇ ತರಗತಿಯವರೆಗೆ ಸಾಕು, ದೊಡ್ಡ ಮಕ್ಕಳು ಕಣಿವೆ ದಾಟಿ ಪಟ್ಟಣದ ಹಾಸ್ಟೆಲಿನಲ್ಲಿದ್ದು ಓದಲಿ ಎಂದು. ಅದನ್ನು ತೀರ್ಮಾನಿಸುವ ಮೊದಲು ರಾಜಧಾನಿಯಿಂದ ಒಬ್ಬರು ಬಂದು ನೋಡುತ್ತಾರೆ ಎಂದರು.

ಊರಿನವರಿಗೆಲ್ಲ ಇದರಿಂದ ಚಿಂತೆ ಹತ್ತಿತು. ಎಲ್ಲರಿಗಿಂತ ಹೆಚ್ಚಾಗಿ ಒರ್ಮೊನ್ ತಾತನಿಗೆ. ಅವನ ಮೊಮ್ಮಗಳು ಬೆಗಾಯಿಮ್ ನಿನಗೆ ನೆನಪಿದ್ದೇ ಇರುತ್ತಾಳೆ, ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿದ್ದ ಹುಡುಗಿ. ನೀನಿದ್ದಾಗ ಒಂದು ಪದ್ಯ ಪೂರ್ತಿ ಹೇಳುವಷ್ಟಕ್ಕೆ ಬಂದಿದ್ದಳು. ನೀನು ಹೋದಮೇಲೆ ಮತ್ತೆ ಸ್ವಲ್ಪ ಹಿಂದೆ ಬಿದ್ದಿದ್ದಾಳೆ, ಬಚ್ಚಿಟ್ಟು ಏನು ಪ್ರಯೋಜನ. ಈಗ ಏಳನೆಯ ತರಗತಿ, ನಿನ್ನಷ್ಟೇ ಎತ್ತರ. ಹಾಸ್ಟೆಲಿಗೆ ಕಳಿಸುವ ಮಾತು ಬಂದಾಗ ತಾತ ಚಹಾದ ಬಟ್ಟಲು ಕೆಳಗಿಟ್ಟು ಅಂದ: "ಕಳ್ಸಲ್ಲ. ಇನ್ನೂರು ಮಕ್ಕಳ ಮುಂದೆ ಅವಳು ಬಾಯಿ ಬಿಟ್ರೆ ಏನಾಗತ್ತೆ ಅಂತ ನಂಗೊತ್ತು. ನನ್ ಜೊತೆ ಬೆಟ್ಟದಲ್ಲಿರ್ಲಿ. ಕುರಿಗಳು ನಗಲ್ಲ." ಅವನು ಸಿಟ್ಟಿನಿಂದ ಅಂದದ್ದಲ್ಲ, ಅದಕ್ಕೇ ನನಗೆ ಭಯವಾಯಿತು. ಹುಡುಗಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

ತಾತ ಸುಮ್ಮನೆ ಕೂರುವವನಲ್ಲ. ಪಕ್ಕದ ಕಣಿವೆಯಿಂದ ನೆಂಟರ ಮಕ್ಕಳನ್ನು ಕರೆತಂದು ಒಂದು ದಿನದ ಮಟ್ಟಿಗೆ ನಮ್ಮ ಬೆಂಚುಗಳಲ್ಲಿ ಕೂರಿಸೋಣ ಎಂದು ಯೋಜನೆ ಹಾಕಿದ. ಸೋವಿಯತ್ ಕಾಲದಲ್ಲಿ ಸಾಮೂಹಿಕ ಫಾರ್ಮಿನ ಕುರಿ ಎಣಿಸಲು ಮೇಲಿನವರು ಬಂದಾಗ ಹೀಗೇ ಪಕ್ಕದ ಹಿಂಡಿನಿಂದ ಕಡ ತಂದು ನಿಲ್ಲಿಸುತ್ತಿದ್ದರಂತೆ. ಕಲೀಪಾ ಅಕ್ಕ ಕೇಳಿಸಿಕೊಂಡು, "ತಾತ, ಕುರಿಗಳ ಹೆಸರು ಕೇಳಿದ್ರೆ ಸುಮ್ನಿರ್ತವೆ. ಮಕ್ಕಳು ಹೇಳ್ಬಿಡ್ತವೆ" ಅಂದಳು. ಆ ಯೋಜನೆ ಅಲ್ಲಿಗೆ ಮುಗಿಯಿತು. ಅಮ್ಮ ಇವತ್ತಿಗೂ ಅದನ್ನು ಹೇಳಿ ತಾತನನ್ನು ಕೆಣಕುತ್ತಾಳೆ.

ಮಾರ್ಚಿನಲ್ಲಿ, ವಸಂತದ ಹಬ್ಬ ಮುಗಿದ ವಾರದಲ್ಲಿ, ರಾಜಧಾನಿಯ ಆ ಅಧಿಕಾರಿ ಬಂದಳು. ಅಸಿಲ್‌ಗುಲ್ ಎಂದು ಹೆಸರು, ನಿನಗಿಂತ ಸ್ವಲ್ಪ ದೊಡ್ಡವಳಿರಬಹುದು, ಬೂದು ಕೋಟು, ಪಟ್ಟಣದ ತೆಳು ಬೂಟು. ಅವಳ ಕಾರು ಕೆಳಗಿನ ಹಳ್ಳದ ಕೆಸರಿನಲ್ಲಿ ಹೂತುಕೊಂಡಿತು. ನಾನು ಮಕ್ಕಳನ್ನು ತುಂಬಿಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದೆ. ಎಳೆದು ನೋಡಿದೆವು, ಬರಲಿಲ್ಲ. ಡ್ರೈವರನ್ನು ಕಾರಿನ ಹತ್ತಿರ ಬಿಟ್ಟು ಆಕೆ ನಮ್ಮ ವ್ಯಾನಿಗೆ ಹತ್ತಿದಳು. ಖಾಲಿ ಇದ್ದದ್ದು ಬೆಗಾಯಿಮ್ ಪಕ್ಕದ ಸೀಟು ಒಂದೇ.

ಆವತ್ತು ಮಂಜು ಇತ್ತು, ಪೆರಿಜಾತ್. ಮೇಲೆ ಬಿಸಿಲು, ಕೆಳಗೆ ಮಂಜು, ನಡುವೆ ನಮ್ಮ ವ್ಯಾನು ತೇಲಿಕೊಂಡು ಹೋಗುತ್ತಿರುವ ಹಾಗೆ. ರಸ್ತೆಯ ಎರಡು ಬದಿಯ ಬೆಟ್ಟಗಳು ಕಾಣುತ್ತಿರಲಿಲ್ಲ, ತುದಿಯ ಹಿಮ ಮಾತ್ರ ಆಕಾಶದಲ್ಲಿ ತಾನಾಗಿ ನಿಂತಂತೆ ಹೊಳೆಯುತ್ತಿತ್ತು. ಅಸಿಲ್‌ಗುಲ್ ಬೂಟಿನ ಕೆಸರು ಒರೆಸಿಕೊಂಡು ಪಕ್ಕಕ್ಕೆ ತಿರುಗಿ ಬೆಗಾಯಿಮ್‌ಳ ಹೆಸರು ಕೇಳಿದಳು. ಸುಮ್ಮನೆ, ಎಲ್ಲರೂ ಮಕ್ಕಳನ್ನು ಕೇಳುವ ಹಾಗೆ. ನಾನು ಕನ್ನಡಿಯಲ್ಲಿ ನೋಡಿದೆ. ಹುಡುಗಿಯ ಕತ್ತಿನ ನರ ಬಿಗಿಯಿತು, ತುಟಿ ಸೇರಿತು, ಅಲ್ಲೇ ನಿಂತಿತು. ಮೊದಲಕ್ಷರ ಬರಲಿಲ್ಲ. ಅಷ್ಟು ಹೊತ್ತು ಹಕ್ಕಿಗಳ ಹಾಗೆ ಚಿಲಿಪಿಲಿ ಅನ್ನುತ್ತಿದ್ದ ವ್ಯಾನು ಪೂರ್ತಿ ಸುಮ್ಮನಾಯಿತು. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ಯಾರೂ ನಗಲಿಲ್ಲ, ಅವಳತ್ತ ದಿಟ್ಟಿಸಿ ನೋಡಲೂ ಇಲ್ಲ. ಕೆಲವರು ಕಿಟಕಿಯ ಹೊರಗೆ, ಕೆಲವರು ತಮ್ಮ ಕೈಗವಸು ನೋಡುತ್ತಾ ಕೂತರು, ಆದರೆ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ನೀನು ತರಗತಿಗೆ ಕಲಿಸಿದ್ದು ಅದು. ನಾನು ಎಷ್ಟೋ ಸಲ ಕಿಟಕಿಯಿಂದ ನೋಡಿದ್ದೆ, ಆದರೆ ನೀನಿಲ್ಲದ ಮೇಲೂ ಅದು ಮಕ್ಕಳಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಬೇಕೆಂದೇ ಗಾಡಿಯನ್ನು ನಿಧಾನ ಮಾಡಿದೆ. ಮರದ ಸೇತುವೆ ದಾಟಿದೆವು, ಗೋರಿಗಳ ಮಣ್ಣಿನ ಗುಮ್ಮಟಗಳು ಮಂಜಿನಲ್ಲಿ ಬಂದು ಹೋದವು, ಎರಡು ಕುದುರೆಗಳು ನಮ್ಮನ್ನು ನೋಡಿ ಮತ್ತೆ ತಲೆ ತಗ್ಗಿಸಿದವು.

ಅಸಿಲ್‌ಗುಲ್‌ಗೆ ಪಾಪ ಅನ್ನಿಸಿರಬೇಕು. ಹುಡುಗಿಯ ಚೀಲದ ಮೇಲೆ ಬರೆದಿದ್ದ ಹೆಸರನ್ನು ಓದಿ, "ಬೆ..." ಎಂದು ತಾನೇ ಶುರು ಮಾಡಿದಳು. ಆಗ ಮುಂದಿನ ಸೀಟಿನಿಂದ ನಿನ್ನ ಮಗಳು ತಿರುಗಿದಳು. ಹಲ್ಲಿಲ್ಲದ ಬಾಯಲ್ಲಿ, ದೊಡ್ಡವರಿಗೆ ಬುದ್ಧಿ ಹೇಳುವ ದನಿಯಲ್ಲಲ್ಲ, ಗುಟ್ಟು ಹೇಳುವ ಹಾಗೆ ಮೆಲ್ಲಗೆ ಅಂದಳು: "ನೀವು ಹೇಳ್ಬೇಡಿ, ಅಕ್ಕ. ಅವಳೇ ಹೇಳ್ತಾಳೆ."

ಆಕೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಉಳಿದವರ ಹಾಗೆ ಕಿಟಕಿಯ ಕಡೆ ನೋಡತೊಡಗಿದಳು. ಶಾಲೆಯ ಗೇಟು ಕಾಣುವ ಹೊತ್ತಿಗೆ ಬೆಗಾಯಿಮ್ ಒಂದು ಉಸಿರು ಒಳಗೆಳೆದುಕೊಂಡು, ಅದನ್ನು ನಿಧಾನವಾಗಿ ಬಿಡುತ್ತಾ, ತನ್ನ ಹೆಸರು ಹೇಳಿದಳು. ಪೂರ್ತಿಯಾಗಿ, ಅಪ್ಪನ ಹೆಸರನ್ನೂ ಸೇರಿಸಿ. ವ್ಯಾನಿನಲ್ಲಿ ಮತ್ತೆ ಗಲಾಟೆ ಶುರುವಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅವರ ಪಾಲಿಗೆ ಅದು ವಿಶೇಷವೇನಲ್ಲ. ಅಸಿಲ್‌ಗುಲ್ ಇಳಿಯುವಾಗ, ಹೀಗೆ ಕಾಯುವುದನ್ನು ಇವರಿಗೆ ಯಾರು ಕಲಿಸಿದ್ದು ಎಂದು ನನ್ನನ್ನು ಕೇಳಿದಳು. ಒಬ್ಬ ಟೀಚರಿದ್ದಳು, ಹುದ್ದೆ ತೆಗೆದರು, ರಷ್ಯಾಕ್ಕೆ ದುಡಿಯಲು ಹೋದಳು ಎಂದಷ್ಟೇ ಹೇಳಿದೆ. ಯಾರ ಹೆಂಡತಿ ಎಂದು ಹೇಳಲಿಲ್ಲ. 

ಆವತ್ತೇ ಸಭೆ ನಡೆದದ್ದು ಶಾಲೆಯ ದೊಡ್ಡ ಕೋಣೆಯಲ್ಲಿ, ಒಲೆಯ ಪಕ್ಕ. ಊರಿಗೆ ಊರೇ ಬಂದಿತ್ತು. ಆಕೆ ಮೊದಲು ನಿಯಮ ವಿವರಿಸಿದಳು, ಒರಟಾಗೇನೂ ಅಲ್ಲ. "ಇದನ್ನ ನಿಮ್ಮೂರಿಗೆ ಅಂತ ಮಾಡಿದ್ದಲ್ಲ. ಇಡೀ ದೇಶಕ್ಕೆ ಮಾಡಿದ್ದು" ಅಂದಳು. ಕಲೀಪಾ ಅಕ್ಕ ಅಷ್ಟೇ ತಣ್ಣಗೆ, "ಗೊತ್ತು ತಂಗಿ. ಅದಕ್ಕೇ ನಮ್ಮೂರು ಅದ್ರಲ್ಲಿ ಕಾಣ್ಸಲ್ಲ" ಅಂದಳು. ಒರ್ಮೊನ್ ತಾತ ಎದ್ದು ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ದೊಡ್ಡ ಭಾಷಣ ಮಾಡುತ್ತಾನೆಂದು ನಾವು ಹೆದರಿದ್ದೆವು. ಅವನು ಮೊಮ್ಮಗಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕಾಗುತ್ತದೆ, ತನಗೆ ಅದು ಇಷ್ಟವಿಲ್ಲ ಎಂದಷ್ಟೇ ಹೇಳಿ ಕೂತ. ಕೂತಮೇಲೂ ಟೋಪಿ ಹಾಕಿಕೊಳ್ಳುವುದನ್ನು ಮರೆತಿದ್ದ. ಅಸಿಲ್‌ಗುಲ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಹೊರಡುವಾಗ ಕಲೀಪಾ ಅಕ್ಕನ ಎರಡೂ ಕೈ ಹಿಡಿದು, "ನಾನು ಮಾತು ಕೊಡೋಕಾಗಲ್ಲ. ಕಂಡಿದ್ದನ್ನ ಬರೀತೀನಿ" ಅಂದಳು. ಅಮ್ಮ ಅವಳ ತೆಳು ಬೂಟು ನೋಡಿ ಮರುಗಿ, ನಿನ್ನ ಉಣ್ಣೆಯ ಕಾಲುಚೀಲ ಕೊಟ್ಟು ಕಳಿಸಿದಳು. ಆ ಕೆಂಪಂಚಿನ ಜೋಡಿ. ಬೇಸರ ಮಾಡಿಕೊಳ್ಳಬೇಡ, ಹೊಸದು ಹೆಣೆಯುತ್ತಿದ್ದಾಳೆ.

ಕಳೆದ ವಾರ ಆದೇಶ ಬಂತು. ಒಂಬತ್ತನೇ ತರಗತಿಯವರೆಗೆ ಶಾಲೆ ಉಳಿಯುತ್ತದೆ, ಮೂರು ವರ್ಷ ಬಿಟ್ಟು ಮತ್ತೆ ನೋಡುತ್ತಾರಂತೆ. ಭೌತಶಾಸ್ತ್ರದ ಮೇಷ್ಟ್ರನ್ನು ಕೊಡಲಿಲ್ಲ. ಪಟ್ಟಣದ ಮೇಷ್ಟ್ರು ಪರದೆಯ ಮೇಲೆ ಪಾಠ ಮಾಡುತ್ತಾರೆ, ಕರೆಂಟು ಇದ್ದ ದಿನ. ಬಿಸಿಯೂಟ ಚಿಕ್ಕವರಿಗೆ ಮಾತ್ರ. ಎಲ್ಲ ಸಿಕ್ಕಿತೆಂದು ಹೇಳಲಾರೆ. ಆದರೂ ಆವತ್ತು ಸಂಜೆ ಯಾರ ಮನೆಯಲ್ಲೋ ಎಣ್ಣೆ ಕಾಯಿಸಿ ಹಿಟ್ಟಿನ ತುಂಡು ಕರಿದರು, ವಾಸನೆ ಹಿಡಿದು ಒಬ್ಬೊಬ್ಬರಾಗಿ ಎಲ್ಲರೂ ಅಲ್ಲಿ ಸೇರಿದೆವು. ಬೆಗಾಯಿಮ್ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದಳು. ತಾತ ಅವಳು ಹೋದಲ್ಲೆಲ್ಲ ಕಣ್ಣು ಹಾಯಿಸುತ್ತಾ ಕೂತಿದ್ದ. ನಾನು ಹೊರಗೆ ಬಂದು ನಿಂತೆ. ಬೆಟ್ಟದ ಮೇಲೆ ಇನ್ನೂ ಬೆಳಕಿತ್ತು. ನೀನು ಅಲ್ಲಿ ಯಾರದೋ ತಾಯಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿರಬಹುದು ಅನ್ನಿಸಿತು.

ಮಕ್ಕಳು ಹೊರಗೆ ಬರುವ ಹೊತ್ತಾಯಿತು. ನಿನ್ನ ಕೈ ಬೆಚ್ಚಗಿರಲಿ, ದಾರಿ ಸುಗಮವಾಗಿರಲಿ, ನೀನು ಉಣ್ಣಿಸುವ ಮುದುಕರ ಹಾರೈಕೆ ನಿನಗೆ ತಟ್ಟಲಿ. ಅಮ್ಮ ನಿನ್ನ ಹಣೆಗೆ ಮುತ್ತಿಟ್ಟಿದ್ದಾಳೆ. ಜಿಬೆಕ್ ಬಿದ್ದ ಹಲ್ಲೊಂದನ್ನು ಲಕೋಟೆಯಲ್ಲಿ ಹಾಕು ಎಂದು ಹಟ ಮಾಡಿದಳು, ಹಾಕಿದ್ದೇನೆ, ಹೆದರಬೇಡ.

ನಿನ್ನ
ಎಸೆನ್

ಮರೆತದ್ದು: ಈಗ ಮಾರನೆಯ ಬೆಳಿಗ್ಗೆ, ಬುರ್ಮಾ ಚೀಲ ಕಟ್ಟಿ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಾಳೆ. ಇಷ್ಟೆಲ್ಲ ಬರೆದು, ಬರೆಯಬೇಕಾದ್ದನ್ನೇ ಬಿಟ್ಟೆ. ಆದೇಶದಲ್ಲಿ ಇನ್ನೊಂದು ಸಾಲಿದೆ. ನಮ್ಮ ಶಾಲೆಗೂ ಕೆಳಗಿನ ಎರಡು ಊರಿನ ಶಾಲೆಗಳಿಗೂ ಸೇರಿಸಿ ಸೆಪ್ಟೆಂಬರಿನಿಂದ ಮಾತು ತಿದ್ದುವ ಟೀಚರ ಹುದ್ದೆ ಒಂದು. ಸಂಬಳ ಅಲ್ಲಿ ನಿನಗೆ ಬರುವುದರ ಅರ್ಧವೂ ಇಲ್ಲ. ಈ ಕೆಲಸ ಕಲಿತವರು ಊರಲ್ಲಿ ಯಾರಾದರೂ ಇದ್ದಾರಾ ಎಂದು ಸಭೆಯಲ್ಲೇ ಅಸಿಲ್‌ಗುಲ್ ಕೇಳಿದ್ದಳು. ಎಲ್ಲರೂ ನನ್ನ ಕಡೆ ತಿರುಗಿದರು. ಕಲೀಪಾ ಅಕ್ಕ ನಿನ್ನ ಹೆಸರು ಹೇಳಲು ಬಾಯಿ ತೆರೆದಳು, ನಾನು ಎದ್ದುನಿಂತೆ. "ಇದ್ದಾಳೆ, ನನ್ ಹೆಂಡ್ತಿ. ಆದ್ರೆ ಅವಳ ಬದ್ಲು ನಾನು ಹೂಂ ಅನ್ನಲ್ಲ. ತೆಗೆಯೋವಾಗ ಯಾರೂ ಅವಳನ್ನ ಕೇಳ್ಲಿಲ್ಲ, ಕರೆಯೋವಾಗಾದ್ರೂ ಕೇಳೋಣ" ಅಂದೆ. ಈಗ ಕೇಳುತ್ತಿದ್ದೇನೆ. ಆದೇಶದ ಈ ಸಾಲು ಕಲೀಪಾ ಅಕ್ಕನಿಗೂ ನನಗೂ ಮಾತ್ರ ಗೊತ್ತು, ಜಿಬೆಕ್‌ಗೂ ಅಮ್ಮನಿಗೂ ಹೇಳಿಲ್ಲ, ಅವರ ಆಸೆಯ ಭಾರ ನಿನ್ನ ಮೇಲೆ ಬೀಳಬಾರದೆಂದು. ಬರಲಾಗುವುದಿಲ್ಲ ಅಂದರೂ ನಾನು ಇಲ್ಲಿ ಹೀಗೇ ಇರುತ್ತೇನೆ, ಮತ್ತೆ ಕೇಳುವುದಿಲ್ಲ. ನನಗೇನೂ ಅವಸರವಿಲ್ಲ ಎಂದು ಬರೆಯಬೇಕೆಂದಿದ್ದೆ, ಪೆರಿಜಾತ್. ಆದರೆ ನಿನಗೆ ಸುಳ್ಳು ಬರೆಯಲಾರೆ.