ಹೆಬ್ಬಲಸಿನ ಮರಕ್ಕೆ ಸುಣ್ಣ

18 ಫೆಬ್ರವರಿ 2025, ಬೆಳಗ್ಗೆ

ಮತ್ತೆ ಅದೇ. ಬೂಟಿನೊಳಗೆ ಇಬ್ಬನಿ, ಜೇಬಿನಲ್ಲಿ ತೋಟದ ಕೂಲಿ ಭೂತಮ್ಮ ಸುಟ್ಟುಕೊಟ್ಟ ಅಕ್ಕಿರೊಟ್ಟಿ. ಗುಡ್ಡದ ಹೆಬ್ಬಲಸಿನ ಕವಲಿನಲ್ಲಿ ಜುಟ್ಟು ಗಿಡುಗ ಕೂತೇ ಇದೆ. ಮೊಟ್ಟೆಯ ಮೇಲೋ, ಮರಿಯ ಮೇಲೋ... ತಿಳಿಯುತ್ತಿಲ್ಲ. ಕಡ್ಡಿ ರಾಶಿಯ ಮೇಲೆ ಜುಟ್ಟು ಮಾತ್ರ ಕಾಣುತ್ತದೆ.

ವಾಪಸ್ ಬರುವಾಗ ಪ್ರತಾಪ್ ಜೀಪು ನಿಲ್ಲಿಸಿದ. ಸೈಟ್ ಮ್ಯಾನೇಜರ್. ಈ ಕಾಫಿ ಎಸ್ಟೇಟನ್ನು ಗಾಲ್ಫ್ ಕೋರ್ಸ್ ಮಾಡಲು ಹೊರಟಿರುವ ಕಂಪನಿಯವನು. ಸಂಬಳ ನನಗೂ ಅದೇ ಕಂಪನಿಯದು. ಪರಿಸರ ಅಧಿಕಾರಿಯಂತೆ, ಮಹಾ!

"ಏನಾದ್ರೂ ಸಿಕ್ತಾ ಮೇಡಂ, ಕೆಲಸಕ್ಕೆ ಅಡ್ಡ ಬರೋ ಅಂಥದ್ದು?"

"ಎರಡು ಮೈನಾ ಸಾರ್."

ನಕ್ಕ. ನಗಲಿ. ಹೋದ ವರ್ಷ ರಸ್ತೆ ಅಗಲ ಮಾಡುವ ಕೆಲಸದಲ್ಲಿ ಅಲ್ಲಿನ ಮ್ಯಾನೇಜರನ್ನು ನಂಬಿ ಗೂಡಿದೆ ಎಂದು ಹೇಳಿದ್ದೆ. ಮಾರನೇ ದಿನ ಕೊಂಬೆಯೇ ಇರಲಿಲ್ಲ. ಈ ಸಲ ಮರಿಯ ಫೋಟೋ ಸಿಗಬೇಕು, ಅರಣ್ಯ ಇಲಾಖೆಯವರು ಬಂದು ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

21 ಫೆಬ್ರವರಿ

ನನ್ನ ಮರದ ಕೆಳಗೆ ರೈಟರ್ ದಯಾನಂದ! ಹಳೇ ಎಸ್ಟೇಟಿನ ರೈಟರ್, ಆಳುಗಳ, ಮರಗಳ ಲೆಕ್ಕ ಬರೆಯುವವರು. ಧಣಿಗಳು ತೋಟ ಮಾರಿ ಹೋದರೂ ಕಂಪನಿ ಇವರನ್ನು ಇಟ್ಟುಕೊಂಡಿದೆ. ಯಾಕೆ? ಸುಮ್ಮನೆ ಇಟ್ಟುಕೊಳ್ಳುತ್ತಾರಾ? ಬೀಡಿ ಸೇದುತ್ತಾ ತಲೆ ಎತ್ತಿ ನೋಡುತ್ತಿದ್ದರು. ನನ್ನನ್ನು ಕಂಡದ್ದೇ ಕತ್ತು ಇಳಿಸಿದರು.

"ಏನ್ ಮೇಡಂ, ಈ ಕಡೆ?"

"ಸುಮ್ನೆ, ವಾಕಿಂಗ್. ನೀವು?"

"ನಾನೂ ಅಷ್ಟೇಯ."

ವಾಕಿಂಗ್ ಅಂತೆ! ಮಂಡಿನೋವು ಎಂದು ಆಫೀಸಿನ ಮೆಟ್ಟಿಲು ಹತ್ತುವಾಗಲೇ ನರಳುವ ಮನುಷ್ಯ. ಪ್ರತಾಪ್ ಕಳಿಸಿರಬೇಕು.

26 ಫೆಬ್ರವರಿ, ಶಿವರಾತ್ರಿ

ಕೆಲಸಕ್ಕೆ ರಜೆ. ತೋಟ ಖಾಲಿ. ಮರಿ ಇದೆ! ಒಂದೇ ಒಂದು. ಬಿಳೀ ಹತ್ತಿಯುಂಡೆ, ಕೊಕ್ಕು ಮಾತ್ರ ಕರಿ. ಫೋಟೋ ಸಿಕ್ಕಿತು. ಅಲ್ಲೇ ಕಾಫಿ ಗಿಡದ ಬುಡದಲ್ಲಿ ಕೂತು ಅತ್ತುಬಿಟ್ಟೆ. ಖುಷಿಗೆ.

ಸಂಜೆ ಭೂತಮ್ಮ ಕೂಲಿಯವರ ಲೈನ್ ಮನೆಯ ಮುಂದೆ ನಿಂತು ಆಕಾಶಕ್ಕೆ ಬಯ್ಯುತ್ತಿದ್ದಳು.

"ಮೊಟ್ಟೆ ಇಕ್ಕೋ ಕೋಳೀನೇ ಎತ್ಕೊಂಡ್ ಹೋಗ್ಬುಡ್ತಲ್ಲಾ, ಅದ್ರ ಮನೆ ಹಾಳಾಗ! ಮೇಡಂ, ಅದ್ರ ಗೂಡು ಎಲ್ಲೈತೆ ಅಂತ ನಿಮಗೇನಾರ ಗೊತ್ತಾ?"

ನನಗೇನು ಗೊತ್ತು ಎಂದೆ. ಯಾಕೆ ಕೇಳಿದಳು? ಕೋಳಿಯ ಸಿಟ್ಟೋ, ಯಾರಾದರೂ ಕೇಳಿಸಿದರೋ? ಅವಳ ಕೈ ರೊಟ್ಟಿ ತಿಂದುಕೊಂಡೇ ಅವಳ ಮೇಲೆ ಅನುಮಾನ. ನಾಚಿಕೆಯಾಗುತ್ತದೆ. ಆದರೂ ಅನುಮಾನ ಹೋಗುವುದಿಲ್ಲ.

5 ಮಾರ್ಚ್

ಸಕಲೇಶಪುರಕ್ಕೆ ಹೋಗಿ ಅರಣ್ಯ ಇಲಾಖೆಯಲ್ಲಿ ಫೋಟೋ ಕೊಟ್ಟು ಬಂದೆ. ಸೋಮವಾರ ಬಂದು ನೋಡುತ್ತಾರೆ. ನೋಡಿ ಬರೆದುಕೊಂಡರೆ ಮುಗಿಯಿತು, ಮರಿ ಹಾರುವವರೆಗೆ ಆ ಗುಡ್ಡಕ್ಕೆ ಯಾರೂ ಕೈ ಹಾಕುವಂತಿಲ್ಲ. ಸೋಮವಾರದವರೆಗೆ ದಾಟಿದರೆ ಸಾಕು.

7 ಮಾರ್ಚ್, ಸಂಜೆ

ಮರ ಕೊಯ್ಯುವವರು ಮಾರನಹಳ್ಳಿ ಕಡೆಯಿಂದ ಬಂದಿಳಿದಿದ್ದಾರೆ. ನಾಳೆಯಿಂದಲೇ ಕೆಲಸ. ನಾಳೆ ಎರಡನೇ ಶನಿವಾರ, ಅರಣ್ಯ ಇಲಾಖೆಯ ಆಫೀಸು ಇನ್ನು ತೆರೆಯುವುದು ಸೋಮವಾರವೇ.

ಗುಡ್ಡಕ್ಕೆ ಓಡಿದೆ. ಹೆಬ್ಬಲಸಿನ ಬುಡಕ್ಕೆ ಸುಣ್ಣದ ಪಟ್ಟೆ! ಸುತ್ತಲಿನ ಏಳೆಂಟು ಮರಕ್ಕೂ. ಇನ್ನೂ ಹಸಿ. ಕೆಳಗಡೆ ದಯಾನಂದ, ಕೈಯಲ್ಲಿ ಬಕೆಟ್ಟು, ಬ್ರಷ್ಷು. ನೋಡಿಯೂ ನೋಡದವರ ಹಾಗೆ ಇಳಿದುಹೋದರು. ನಾನು ಅಂದುಕೊಂಡದ್ದೇ ಆಯಿತು. ರಸ್ತೆ ಕೆಲಸದಲ್ಲಿ ನೋಡಿಲ್ಲವೇ, ಗುರುತು ಬಿದ್ದ ಒಂದಾದರೂ ಮರ ಉಳಿದಿತ್ತಾ?

ಪ್ರತಾಪ್‌ನನ್ನು ಏನೋ ನೆನಪಾದವಳ ಹಾಗೆ ಕೇಳಿದೆ.

"ಗುರುತು ಹಾಕೋದೆಲ್ಲ ರೈಟರ್ ಕೆಲಸ ಮೇಡಂ. ನಂಗೆ ಜಾಗ ಖಾಲಿ ಆದ್ರೆ ಸಾಕು."

ರೈಟರನ್ನೇ ಕೇಳಬಹುದಿತ್ತು. ಕೇಳಿ? ಸುಳ್ಳು ಕೇಳಿಸಿಕೊಂಡು ಬರಬೇಕಿತ್ತು.

ಕತ್ತಲಾಗುವ ಮೊದಲು ಕೊಡದಲ್ಲಿ ನೀರು, ತೆಂಗಿನ ನಾರು ತೆಗೆದುಕೊಂಡು ಹೋದೆ. ಉಜ್ಜಿ ಉಜ್ಜಿ ತೊಳೆದೆ. ಹೆಬ್ಬಲಸು ಒಂದನ್ನೇ... ಉಳಿದವಕ್ಕೆ ಬೆಳಕಿರಲಿಲ್ಲ. ಕಲೆ ಕಾಣದಂತೆ ಮಣ್ಣು ಸವರಿದೆ. ಬೆರಳ ಸಂದಿ ಬೆಂಕಿ ಇಟ್ಟ ಹಾಗೆ ಉರಿಯುತ್ತಿದೆ. ಉರಿಯಲಿ. ಈಗ ನೋಡೋಣ ರೈಟರ್ರೇ, ಯಾವ ಮರ ಕೊಯ್ಸುತ್ತೀರಿ.

ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

8 ಮಾರ್ಚ್

ಗರಗಸದ ಸದ್ದಿಗೇ ಎಚ್ಚರ. ಕೆಳಗಿನ ತೋಟದಲ್ಲಿರಬೇಕು ಅಂದುಕೊಂಡೆ. ಆಮೇಲೆ ಗಿಡುಗದ ಕೂಗು. ನಿಲ್ಲಿಸುತ್ತಲೇ ಇರಲಿಲ್ಲ.

ಹೋಗುವಷ್ಟರಲ್ಲಿ ಹೆಬ್ಬಲಸು ನೆಲದ ಮೇಲಿತ್ತು. ಸುಣ್ಣ ಬಳಿದ ಮರಗಳೆಲ್ಲ ಸುತ್ತ ನಿಂತೇ ಇದ್ದವು. ಭೂತಮ್ಮನ ಮಡಿಲಲ್ಲಿ ಮರಿ. ಮುಟ್ಟಿದೆ. ಬಿಸಿ ಇತ್ತು. ಉಸಿರಿರಲಿಲ್ಲ.

"ಇದೊಂದು ಹೆಂಗ್ ಹೋಯ್ತು ಮೇಡಂ? ಬಿಡೋ ಮರಕ್ಕೆ ಸುಣ್ಣ ಹೊಡೆಯೋದು ಈ ತೋಟದಲ್ಲಿ ಮೊದಲಿಂದ್ಲೂ ಐತೆ. ಸುಣ್ಣ ಇರೋದನ್ನ ಮುಟ್ಟಬ್ಯಾಡಿ ಅಂತ ಕೊಯ್ಯೋರಿಗೆ ರೈಟರ್ರು ರಾತ್ರೀನೇ ಹೇಳವ್ರೆ. ಇದೊಂದಕ್ಕೇ ಹೊಡೆದ್ರೆ ಗೂಡಿರೋದು ಗೊತ್ತಾಗ್ಬುಡ್ತದೆ ಅಂತ ಸುತ್ತಲವಕ್ಕೂ ಹೊಡೆದಿದ್ರು."

"ಯಾರಿಗೆ ಗೊತ್ತಾಗ್ಬುಡ್ತದೆ?"

ಭೂತಮ್ಮ ಸೆರಗಿನಿಂದ ಮರಿಯನ್ನು ಮುಚ್ಚಿದಳು.

"ತಪ್ಪು ತಿಳ್ಕೋಬ್ಯಾಡಿ. ನೀವು ಕಂಪನಿಯೋರು ಅಂತ... ಅವತ್ತು ಕೋಳಿ ನೆಪ ತೆಗೆದು ಗೂಡು ಗೊತ್ತಾ ಅಂತ ನಿಮ್ಮನ್ನ ಕೇಳಿದ್ದೂ ಅದಕ್ಕೇಯ. ಗೊತ್ತಿಲ್ಲ ಅಂದ್ರಲ್ಲ, ನಮಗೆ ನೆಮ್ಮದಿ ಆಗಿತ್ತು."

ನಾನೇ ಕೊಂದೆ. ಬೇರೆ ಯಾರೂ ಅಲ್ಲ. ಈ ಕೈಯಿಂದ, ತೆಂಗಿನ ನಾರು ಹಾಕಿ ಉಜ್ಜಿ.

10 ಮಾರ್ಚ್, ಸೋಮವಾರ

ಅರಣ್ಯ ಇಲಾಖೆಯವರು ಹೇಳಿದ ಹೊತ್ತಿಗೇ ಬಂದರು. ಗೂಡು ಎಲ್ಲಿ ಎಂದರು. ಕೊಯ್ದ ಬುಡ ತೋರಿಸಿದೆ. ಗಿಡುಗ ಜೋಡಿ ಇನ್ನೂ ಮೇಲೆ ಸುತ್ತುತ್ತಿದೆ. ಬುಡದ ಫೋಟೋ ತೆಗೆದುಕೊಂಡು ಹೋದರು.

ದಯಾನಂದ ಬುಡದ ಪಕ್ಕ ಕೂತಿದ್ದರು. ಬೀಡಿ ಕೈಯಲ್ಲಿತ್ತು, ಹಚ್ಚಿರಲಿಲ್ಲ.

"ನಾನೇ ಕೈಯಾರ ಹೊಡೆದಿದ್ದೆ ಮೇಡಂ. ಎರಡು ಕೋಟು. ಕೊಯ್ಯೋರು ಸುಣ್ಣಾನೇ ಇರ್ಲಿಲ್ಲ ಅಂತವ್ರೆ. ಎಲ್ಲೋಯ್ತು ಅದು?"

ಹೇಳಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು:

"ಇಬ್ಬನಿಗೆ ಹೋಗಿರಬೇಕು."

ಅವರು ಸುತ್ತಲಿನ ಮರಗಳನ್ನು ಒಂದೊಂದಾಗಿ ನೋಡಿದರು. ಸುಣ್ಣ ಹಾಗೇ ಇತ್ತು, ಬೆಳ್ಳಗೆ. ಆಮೇಲೆ ನನ್ನ ಕೈ ನೋಡಿದರು. ಬೊಬ್ಬೆ ಎದ್ದ ಬೆರಳುಗಳನ್ನು ದುಪಟ್ಟಾದೊಳಗೆ ಎಳೆದುಕೊಂಡೆ. ಅವರು ಎದ್ದು ಹತ್ತಿರ ಬಂದು, ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿ, "ಸುಣ್ಣದ ಉರಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮೇಡಂ" ಎಂದು ಗುಡ್ಡ ಇಳಿದುಹೋದರು.