ರೊಸಾಲಿಗೆ ತೆಗೆಯದ ಟೋಪಿ

ಅಪ್ಪಾ,

ನೀನು ಹೋದ ಮೇಲೆ ಕಟ್ಟಿಹಾಕಿದ್ದ ದೋಣಿಯನ್ನು, ಮಾರುವ ಮುಂಚೆ ಕೊನೆಯ ಸಲವೆಂದು ಇಂದು ಬೆಳಿಗ್ಗೆ ನಮ್ಮ ಕೆನಡಾ ದಡದಿಂದ ಡೆಟ್ರಾಯಿಟ್ ನದಿಗಿಳಿಸಿದೆ. ಮಗಳು ಝೆಲಿ ಜೊತೆಗಿದ್ದಳು.

ವಿಧವೆ ರೊಸಾಲಿಯ ನಡುಗಡ್ಡೆ ಬಂತು. ತನ್ನನ್ನು ಅಲ್ಲಿಂದ ಒಕ್ಕಲೆಬ್ಬಿಸಿದ ಸಾಹುಕಾರನಿಗೆ 'ಇಲ್ಲಿ ಯಾರ ಸೂರೂ ನಿಲ್ಲದಿರಲಿ' ಎಂದು ಶಾಪ ಕೊಟ್ಟಳಂತೆ. ಸತ್ತ ಮೇಲೂ, ಹಾದುಹೋಗುವವರು ಗೌರವಕ್ಕೆ ಟೋಪಿ ತೆಗೆಯದಿದ್ದರೆ ದೋಣಿಯ ಇಂಜಿನ್ ನಿಲ್ಲಿಸುತ್ತಾಳಂತೆ. ಶಾಪ ಇರದಿದ್ದರೆ ಅಲ್ಲೊಂದು ಶಾಪು ಇರುತ್ತಿತ್ತು, ಊರಿಗೆ ಟೋಪಿ ಹಾಕಿದವನು ಸಾಹುಕಾರ, ತೆಗೆಯಬೇಕಾದವರು ನಾವೇಕೆ ಎಂದು ನಿನ್ನನ್ನು ಎಷ್ಟು ರೇಗಿಸಿದ್ದೆ. ಇಂದೂ ತೆಗೆಯಲಿಲ್ಲ. ಇಂಜಿನ್ ನಿಂತಿತು.

"ಅಮ್ಮಾ, ನೀನು ರೊಸಾಲಿ ಅಜ್ಜಿಗೆ ಟೋಪಿ ತೆಗೀಲಿಲ್ಲ" ಎಂದಳು ಝೆಲಿ.

"ಅಜ್ಜಿ ಅಲ್ಲ ಕಣೇ, ಪೆಟ್ರೋಲ್ ಪೈಪಲ್ಲಿ ಕಸ."

"ಸರಿ, ನೀನು ಕಸ ತೆಗಿ, ನಾನು ಟೋಪಿ ತೆಗೀತೀನಿ. ಯಾವುದಾದ್ರೂ ಒಂದು ಕೆಲಸ ಮಾಡತ್ತೆ."

ಇಬ್ಬರೂ ತೆಗೆದೆವು. ಇಂಜಿನ್ ಶುರುವಾಗುವಷ್ಟರಲ್ಲಿ ಹರಿವು ನಮ್ಮನ್ನು ಪಾಸ್‌ಪೋರ್ಟ್ ಕೇಳದೆ ಅಮೆರಿಕಕ್ಕೆ ದಾಟಿಸಿತ್ತು. ಝೆಲಿ ಚುಕ್ಕಾಣಿ ಹಿಡಿದು, ಥೇಟ್ ನಿನ್ನ ಹಾಗೇ ಮೊಣಕೈ ಚಾಚಿ, ಕೆನಡಾಕ್ಕೆ ವಾಪಸು ತಂದಳು. ಕೊನೆಯ ಮೂರು ಬೇಸಿಗೆ ನೀನು ಕರೆದಾಗಲೆಲ್ಲ ನನಗೆ ಕೆಲಸವಿತ್ತು. ಅವಳಿಗಿರಲಿಲ್ಲ.

ಸಂಜೆ ದೋಣಿ ಕೊಳ್ಳುವವರು ಫೋನ್ ಮಾಡಿದರು.

"ನಾಳೆ ಬರ್ಲಾ ಮೇಡಂ?"

"ಬನ್ನಿ. ದೋಣಿ ಕೊಡಲ್ಲ, ಪರ್ಚ್ ಮೀನು ಹುರಿದು ಕೊಡ್ತೀವಿ."

ಮೀನು ಇನ್ನೂ ನದಿಯಲ್ಲೇ ಇದೆ. ಝೆಲಿ ಅಂಗಳದಲ್ಲಿ ಕೂತು ಎರಡು ಗಾಳ ಕಟ್ಟುತ್ತಿದ್ದಾಳೆ. ಒಂದು ನನಗಂತೆ.