ಬೆಟ್ಟದ ಟ್ರಿಪ್ಪು, ನಾರ್ಮಲ್ ಮೋಡು

ಜನವರಿ 6, ಮಂಗಳವಾರ

ಹಳೇ ಡೀಸೆಲ್ ವ್ಯಾನ್ ನಿಲ್ಲಿಸಿ ಬಂದೆ. ಡಯಾಲಿಸಿಸ್ ಮುಗಿದ ನಾಲ್ವರನ್ನೂ ಮನೆ ಮುಟ್ಟಿಸಿದ್ದಾಯಿತು. ಕೊನೆಗೆ ಎಂದಿನಂತೆ ಬೆಟ್ಟದ ಮೇಲಿನ ಟೀಚರಮ್ಮ.

ಆಸ್ಪತ್ರೆ ಮ್ಯಾನೇಜರ್ ಕರೆದರು. ತಿಂಗಳ ಕೊನೆಗೆ ಡೀಸೆಲ್ ವ್ಯಾನ್ ಗುಜರಿಗೆ. ಬೆಟ್ಟದ ಟ್ರಿಪ್ ಕೂಡ ಬಂದ್! ಹೋಗಿಬರಲು ನೂರ ಎಂಬತ್ತು ಕಿಲೋಮೀಟರ್. ಹೊಸ ಎಲೆಕ್ಟ್ರಿಕ್ ವ್ಯಾನನ್ನು ಹೋದ ವಾರ ಮೀಸೆ ಒಯ್ದಿದ್ದ — ನಮ್ಮ ಇನ್ನೊಬ್ಬ ಡ್ರೈವರ್. ವಾಪಸ್ ಬರುವಾಗ ಚಾರ್ಜ್ ಮುಗಿದು ನಡುದಾರಿಯಲ್ಲಿ ನಿಂತ.

"ಆ ಗಾಡಿ ಕೈಲಿ ಆಗಲ್ಲಮ್ಮ," ಅಂದರು.

ಗಾಡಿ ಕೈಲಿ ಆಗಲ್ಲವೋ, ಮೀಸೆ ಕೈಲಿ ಆಗಲ್ಲವೋ! ಆ ಮಹಾರಾಯನಿಗೆ ಏರಿಗೂ ಸ್ಪೋರ್ಟ್ ಮೋಡ್, ಇಳಿಜಾರಿಗೂ ಸ್ಪೋರ್ಟ್ ಮೋಡ್. ಕಾಲಿಟ್ಟರೆ ಚಿಮ್ಮಬೇಕು.

ಅದೇ ಗಾಡಿಯಲ್ಲಿ ಹೋಗಿಬಂದು ತೋರಿಸುತ್ತೇನೆ, ಎರಡು ವಾರ ಟೈಮ್ ಕೊಡಿ ಎಂದು ಕೇಳಿಕೊಂಡೆ. ಟ್ರಿಪ್ ನಿಂತರೆ ಟೀಚರಮ್ಮ ಊರು ಬಿಟ್ಟು ಆಸ್ಪತ್ರೆ ಪಕ್ಕ ರೂಮ್ ಹಿಡಿಯಬೇಕು. ಡಯಾಲಿಸಿಸ್ ಇಲ್ಲದ ದಿನ ಅಲ್ಲಿನ ಶಾಲೆ ನಡೆಸುವವರು ಅವರೊಬ್ಬರೇ.

ಜನವರಿ 8, ಗುರುವಾರ

ಹೊಸ ವ್ಯಾನ್, ಚಾರ್ಜ್ ಉಳಿಸುವ ಇಕೋ ಮೋಡ್. ವಾಪಸ್ ಬಂದಾಗ ಇನ್ನೂ 19 ಪರ್ಸೆಂಟ್! ಇಳಿಜಾರಿನಲ್ಲಿ ಪೆಡಲಿನಿಂದ ಕಾಲು ತೆಗೆದರೆ ಸಾಕು, ಗಾಡಿ ತಾನೇ ತಡೆದುಕೊಂಡು ಚಾರ್ಜ್ ತುಂಬಿಕೊಳ್ಳುತ್ತದೆ. ನಾಲ್ಕು ಪರ್ಸೆಂಟ್ ಬೆಟ್ಟವೇ ಕೊಟ್ಟಿತು.

ಮನೆಯಲ್ಲಿ ಇವರಿಗೆ ಮೂರು ಸಲ ಹೇಳಿದೆ. "ಗೊತ್ತಾಯ್ತು ಮಾರಾಯ್ತಿ, ಕೆಳಗಿಳಿ. ಊಟ ಆರ್ತಿದೆ," ಅಂದರು.

ಜನವರಿ 10, ಶನಿವಾರ

21 ಪರ್ಸೆಂಟ್. ಆದರೆ ಅದರಿಂದ ಏನು ಬಂತು...

ಟೀಚರಮ್ಮನನ್ನು ಇಳಿಸುವಾಗ ಕೈ ಹಿಡಿದೆ. ಮಂಜುಗಡ್ಡೆ. ತುಟಿ ನಡುಗುತ್ತಿತ್ತು. ಇಕೋ ಮೋಡಿನಲ್ಲಿ ಗಾಡಿ ಹೀಟರನ್ನೂ ಅರ್ಧಕ್ಕೆ ಇಳಿಸುತ್ತದೆ. ದಪ್ಪ ಜಾಕೆಟ್ ಹಾಕಿ ಕೂತ ನನಗೆ ಅದು ಹೊಳೆಯಲೇ ಇಲ್ಲ. ಡಯಾಲಿಸಿಸ್ ಆದವರಿಗೆ ಚಳಿ ಎಷ್ಟು ಹತ್ತುತ್ತದೆಂದು ಹನ್ನೊಂದು ವರ್ಷದಿಂದ ನೋಡುತ್ತ ಬಂದವಳು ನಾನು!

"ಬಾಯಿ ಬಿಟ್ಟು ಹೇಳಬಾರದಿತ್ತಾ ಟೀಚರಮ್ಮ?"

"ನೀನು ಅಷ್ಟು ಖುಷಿಯಾಗಿ ಪರ್ಸೆಂಟ್ ಹೇಳ್ತಿದ್ದೆ. ಹೇಗೆ ಹೇಳ್ಲಮ್ಮ?"

ನಾಚಿಕೆಯಿಂದ ಕುಗ್ಗಿಹೋದೆ. ಊಟ ಸೇರಲಿಲ್ಲ.

ಜನವರಿ 17, ಶನಿವಾರ

ಮಂಗಳವಾರ ನಾರ್ಮಲ್ ಮೋಡ್, ಪೂರ್ತಿ ಹೀಟರ್. ಆಸ್ಪತ್ರೆ ಗೇಟು ಹೊಕ್ಕಾಗ 2 ಪರ್ಸೆಂಟ್. ಜೀವ ಬಾಯಿಗೆ ಬಂದಿತ್ತು.

ಗುರುವಾರ ತಲೆ ಓಡಿತು. ಇಕೋ ಮಾಡುವುದಾದರೂ ಏನು? ಹೀಟರ್ ಕಡಿಮೆ ಮಾಡುತ್ತದೆ, ಪೆಡಲನ್ನು ಮಂದ ಮಾಡುತ್ತದೆ. ಪೆಡಲಿನ ಕೆಲಸ ನನ್ನ ಕಾಲಿಗೆ ಬರುವುದಿಲ್ಲವೇ? ನಾರ್ಮಲ್ಲಿನಲ್ಲೇ ಇಟ್ಟೆ, ಕಾಲನ್ನು ಇಕೋ ಮಾಡಿದೆ. ಅರವತ್ತು ದಾಟಿಸಲಿಲ್ಲ. ತಿರುವು ದೂರದಲ್ಲಿ ಕಂಡಾಗಲೇ ಕಾಲು ತೆಗೆದೆ. ಹೊರಡುವ ಮುಂಚೆ, ಚಾರ್ಜಿಗೆ ಹಾಕಿದ್ದಾಗಲೇ ವ್ಯಾನ್ ಬೆಚ್ಚಗೆ ಮಾಡಿಕೊಂಡೆ.

ಗುರುವಾರ 5. ಇಂದು 7. ಟೀಚರಮ್ಮ ದಾರಿಯುದ್ದಕ್ಕೂ ಮಾತಾಡಿದರು. ಕೈ ಬೆಚ್ಚಗಿತ್ತು.

ಮೀಸೆ ಕೇಳಿದ, "ಏನ್ ಮಂತ್ರ ಹಾಕ್ದೆ ಅಕ್ಕ?"

"ಕಾಲು ಸ್ವಲ್ಪ ನಿಧಾನ ಇಡು. ಅದೇ ಮಂತ್ರ," ಅಂದೆ. ಬೀಗಿದೆ. ಬೀಗಬಾರದೇನು?

ಜನವರಿ 22, ಗುರುವಾರ, ರಾತ್ರಿ 8

ಪರೀಕ್ಷೆ. ಮ್ಯಾನೇಜರ್ ಪಕ್ಕದ ಸೀಟಿನಲ್ಲಿ, ಕಣ್ಣೆಲ್ಲ ಪರ್ಸೆಂಟಿನ ಮೇಲೆ. ಹಿಂದಿನಿಂದ ಲಾರಿಯವನು ಹಾರ್ನ್ ಬಾರಿಸಿದ. ಬಾರಿಸಿಕೊಳ್ಳಲಿ. ದಾರಿ ಬಿಟ್ಟೆ, ವೇಗ ಏರಿಸಲಿಲ್ಲ. ಟೀಚರಮ್ಮನನ್ನು ಇಳಿಸಿ ಕೆಳಗೆ ಹೊರಟೆವು. ಅರ್ಧ ದಾರಿಗೆ ಪರೀಕ್ಷಕರಿಗೆ ಗೊರಕೆ!

ಆಸ್ಪತ್ರೆ ಮುಟ್ಟಿ ಎಬ್ಬಿಸಿದೆ. 8 ಪರ್ಸೆಂಟ್.

"ಹೀಟರ್ ಆಫ್ ಮಾಡಿದ್ರೇನಮ್ಮ ನಾನು ಮಲಗಿದ್ದಾಗ?"

"ನಿಮ್ಮ ಕೋಟೆಲ್ಲಿ ಸಾರ್?"

ಕೋಟು ಮಡಚಿ ಮಡಿಲಲ್ಲಿತ್ತು. ಸೆಕೆಗೆ ಅವರೇ ಬಿಚ್ಚಿದ್ದು. ಅದನ್ನು ನೋಡಿ ನಕ್ಕುಬಿಟ್ಟರು. "ಟ್ರಿಪ್ ಇರುತ್ತೆ. ಮೀಸೆಗೂ ನೀವೇ ಕಲಿಸಿ."

ಅಲ್ಲೇ ನಿಂತು ಟೀಚರಮ್ಮನಿಗೆ ಫೋನ್ ಮಾಡಿದೆ. ಹೇಳಿದೆ.

"ಹಾಗಾದ್ರೆ... ಪೆಟ್ಟಿಗೆ ಬಿಚ್ಚಲಾ?" ಅಂದರು.

ಊರು ಬಿಡಲು ಕಟ್ಟಿಯೇ ಇಟ್ಟಿದ್ದರಂತೆ, ನನಗೆ ಹೇಳದೆ.

"ಬಿಚ್ಚಿ ಟೀಚರಮ್ಮ. ಈಗಲೇ ಬಿಚ್ಚಿ," ಅಂದೆ. "ಶನಿವಾರ ಎಂದಿನ ಹೊತ್ತಿಗೇ ಬರ್ತೀನಿ."